ಪೇಟಿಯ ಅವ್ವನನ್ನು ಕಾಣಲು ಡೆಟ್ರಾಯಿಟಿಗೆ

ಗ್ಲೆಂಡೇಲ್ ಹೈಟ್ಸ್

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ನಯಾಗರ ಜಲಪಾತ ನೋಡಿ ಬಂದಿರುತ್ತಾರೆ. ನಾವು ನೋಡಿಲ್ಲ. ಗದಗಿಗೆ ಮರಳಿ ಇದನ್ನು ಹೇಳಿದಾಗ ಓಣಿಯವರು ನಮ್ಮನ್ನು ನೋಡಿದ ರೀತಿಯಲ್ಲಿ ಒಂದು ಅನುಮಾನವಿತ್ತು. ಇವರು ನಿಜಕ್ಕೂ ಅಮೆರಿಕಕ್ಕೆ ಹೋಗಿದ್ದರೋ, ಇಲ್ಲ ಮುಂಬಯಿಯಲ್ಲಿ ಯಾರದೋ ಮನೆಯಲ್ಲಿ ಮೂರು ತಿಂಗಳು ಅಡಗಿ ಕುಳಿತು ಬಂದರೋ ಎಂದು. ಜಲಪಾತಕ್ಕೆಂದು ಎತ್ತಿಟ್ಟಿದ್ದ ಶನಿವಾರ ನಾವು ಡೆಟ್ರಾಯಿಟಿನ ಒಂದು ಚರ್ಚಿನಲ್ಲಿ, ಗುರುತು ಪರಿಚಯವಿಲ್ಲದ ಮನುಷ್ಯನೊಬ್ಬನ ಶವಸಂಸ್ಕಾರದಲ್ಲಿದ್ದೆವು. ಅದೂ ಬರಿ ಕುಳಿತಿರಲಿಲ್ಲ, ಕೆಲಸ ಮಾಡುತ್ತಿದ್ದೆವು.

ನನ್ನ ಗಂಡ ದಾವಲಸಾಬ ಹಾರ್ಮೋನಿಯಂ ರಿಪೇರಿ ಮಾಡುವವರು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ, ಇವರಿಗೆ ಪೇಟಿ ದಾವಲಸಾಬ ಎನ್ನುತ್ತಾರೆ. ಭಜನೆಯವರು, ನಾಟಕ ಕಂಪನಿಯವರು, ಉರುಸಿನ ಕವ್ವಾಲಿಯವರು, ಎಲ್ಲರ ಪೇಟಿಗಳೂ ನಮ್ಮ ಪಡಸಾಲೆಯಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತವೆ. ನಾನು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತಳಾದವಳು. ನಮ್ಮಲ್ಲಿ ಮಕ್ಕಳು ಶಿಕ್ಷಕಿಯರನ್ನು ಅಕ್ಕೋರು ಎಂದು ಕರೆಯುತ್ತಾರೆ. ಇವರೂ ನನ್ನನ್ನು ಹಾಗೆಯೇ ಕರೆಯುತ್ತಾರೆ, ಸಿಟ್ಟು ಬಂದಾಗ, ಇಲ್ಲವೆ ನನ್ನಿಂದ ಏನಾದರೂ ಬೇಕಾದಾಗ. ಮನೆಯಲ್ಲಿ ನಮ್ಮದು ಉರ್ದು ಕನ್ನಡ ಕಲಸಿದ ಮಾತು. ಆದರೆ ಮನೆಯಾಕೆ ಕನ್ನಡ ಅಕ್ಕೋರಾದ್ದರಿಂದ ಜಗಳಗಳೆಲ್ಲ ಅಚ್ಚ ಕನ್ನಡದಲ್ಲೇ ನಡೆಯುತ್ತವೆ.

ನನ್ನ ತಮ್ಮ ಇಕ್ಬಾಲ್ ಷಿಕಾಗೊ ಮಗ್ಗುಲಿನ ಗ್ಲೆಂಡೇಲ್ ಹೈಟ್ಸಿನಲ್ಲಿ ಕಾರುಗಳಿಗೆ ಗಾಜು ಕೂರಿಸುವ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಹೆಂಡತಿ ನಸ್ರೀನ್ ಮೈಸೂರಿನವಳು. ಇಟಾಸ್ಕಾದ ಒಂದು ಹೋಟೆಲಿನ ರಿಸೆಪ್ಶನ್ನಿನಲ್ಲಿ ಅವಳ ಕೆಲಸ. ಎರಡು ಹೆಣ್ಣುಮಕ್ಕಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸಿ, ತಿರುಗಿ ನೋಡುವುದರೊಳಗೆ ಮಾಯವಾಗುತ್ತಿದ್ದರು. ಹೋದ ಮೊದಲ ವಾರವೇ ಇಕ್ಬಾಲ್ ಊಟಕ್ಕೆ ಕುಳಿತಾಗ ಕೇಳಿದ.

"ದೂಲಾಭಾಯಿ, ಎಲ್ಲೆಲ್ಲಿ ಹೋಗೂಣು ಹೇಳ್ರಿ. ನಯಾಗರಾ? ನ್ಯೂಯಾರ್ಕ್? ನಾ ಅಂಗಡಿಗೆ ರಜಾ ಪ್ಲಾನ್ ಮಾಡ್ತೀನಿ."

ದೂಲಾಭಾಯಿ ಎಂದರೆ ನಮ್ಮಲ್ಲಿ ಅಕ್ಕನ ಗಂಡ. ಇವರು ಅನ್ನಕ್ಕೆ ಸಾರು ಕಲಸುತ್ತ, ತಲೆ ಎತ್ತದೆಯೇ, "ನನಗ ಪೇಟಿಯ ಅವ್ವನ್ನ ತೋರಸು. ಸಾಕು" ಎಂದರು.

"ಯಾರ ಅವ್ವ?" ಇಕ್ಬಾಲ್ ನನ್ನ ಮುಖ ನೋಡಿದ.

ಇದನ್ನು ನಾನು ಮದುವೆಯಾದಾಗಿನಿಂದ ಕೇಳಿದ್ದೇನೆ. ಇವರಿಗೆ ಕೆಲಸ ಕಲಿಸಿದ ಉಸ್ತಾದರು ಹೇಳಿದ್ದರಂತೆ: ಪೇಟಿ ನಮ್ಮ ದೇಶದ್ದಲ್ಲ. ದೂರದ ದೇಶದ ದೊಡ್ಡ ದೊಡ್ಡ ಚರ್ಚುಗಳಲ್ಲಿ ಆರ್ಗನ್ ಎಂಬ ವಾದ್ಯವಿದೆ, ತೆಂಗಿನಮರದಷ್ಟು ಎತ್ತರದ ಕೊಳವೆಗಳು ಅದಕ್ಕೆ. ಅಂಥದ್ದನ್ನು ಹೊತ್ತು ತಿರುಗಲಾಗದವರು ಮಾಡಿಕೊಂಡ ಸಣ್ಣ ಪೆಟ್ಟಿಗೆಯೇ ನಮ್ಮ ಪೇಟಿ. ಆರ್ಗನ್ ಅವ್ವ, ಪೇಟಿ ಮಗಳು. ಮಗಳ ಸೇವೆಯಲ್ಲೇ ಬದುಕು ಸವೆಸಿದವರಿಗೆ ಅವ್ವನನ್ನು ಒಮ್ಮೆ ಕಾಣಬೇಕೆಂಬ ಆಸೆ. ಇಂಥ ಆಸೆ ನಿಜವಾದ ಅತ್ತೆಯ ಮೇಲೆ ಇವರಿಗೆ ಎಂದೂ ಇದ್ದದ್ದನ್ನು ನಾನು ಕಾಣೆ.

ಷಿಕಾಗೊ

ಮೊದಲು ಊರೊಳಗಿನ ಒಂದು ದೊಡ್ಡ ಚರ್ಚಿಗೆ ಹೋದೆವು. ಗೋಥಿಕ್ ಶೈಲಿಯದು ಎಂದು ನಸ್ರೀನ್ ಹೇಳಿದಳು. ಗೋಥಿಕ್ ಎಂದರೇನೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೋಡಿದ ಮೇಲೆ ತಿಳಿಯಿತು. ಎಲ್ಲವೂ ಚೂಪಾಗಿರಬೇಕು. ಬಾಗಿಲು ಚೂಪು, ಕಿಟಕಿ ಚೂಪು, ಗೋಪುರವಂತೂ ಆಕಾಶಕ್ಕೆ ಚುಚ್ಚುಮದ್ದು ಕೊಡುವಷ್ಟು ಚೂಪು. ಹೊರಗೋಡೆಯಲ್ಲಿ ಸಾಲಾಗಿ ಸಂತರು, ಬಸ್ಸಿಗೆ ಕಾಯುತ್ತ ಬೇಸತ್ತವರ ಹಾಗೆ. ಮೇಲೆ ಮಳೆನೀರು ಉಗುಳುವ ಕಲ್ಲಿನ ವಿಕಾರ ಪ್ರಾಣಿಗಳು. ಅವುಗಳಲ್ಲಿ ಒಂದರ ಮುಖ ನಮ್ಮ ಹಳೆಯ ಶಾಲಾ ತನಿಖಾಧಿಕಾರಿಯವರ ಮುಖವೇ. ನಾನು ಕೈಮುಗಿದೇ ಒಳಗೆ ಹೋದೆ, ಹಳೆಯ ಅಭ್ಯಾಸ.

ಒಳಗೆ ಆರ್ಗನ್ ಇತ್ತು. ಬಂಗಾರದ ಬಣ್ಣದ ಕೊಳವೆಗಳು, ಮುಂದೆ ಬೆರಳಿನಿಂದ ಒತ್ತುವ ಕರಿಬಿಳಿ ಮನೆಗಳು ಮೂರು ಅಂತಸ್ತಿನಲ್ಲಿರುವ ಮೇಜು, ಅದರ ಸುತ್ತ ಕೆಂಪು ಹಗ್ಗ. ನಾನು ಬಣ್ಣದ ಗಾಜು ನೋಡುತ್ತಿದ್ದೆ. ಅಷ್ಟರಲ್ಲಿ ಯಾರೋ "ಸರ್! ಸರ್!" ಎಂದು ಮೆಲ್ಲನೆ ಕೂಗುವುದು ಕೇಳಿಸಿತು. ತಿರುಗಿದರೆ ಇವರು ಹಗ್ಗದ ಕೆಳಗಿಂದ ನುಸುಳಿ, ಆರ್ಗನ್ನಿನ ಮರಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತಿದ್ದರು. ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡಿದ್ದ ಮುದುಕರೊಬ್ಬರು ಇವರ ತೋಳು ಹಿಡಿಯಲೋ ಬೇಡವೋ ಎಂದು ಚಡಪಡಿಸುತ್ತಿದ್ದರು.

"ನಸ್ರೀನ್, ಅವರಿಗೆ ಹೇಳು" ಎಂದರು ಇವರು, ಕಿವಿ ತೆಗೆಯದೆ. "ನಾ ಏನು ಕದಿಯಾಕ ಬಂದಿಲ್ಲ. ಇದು ಕಿಸೆದಾಗ ಹಿಡಿಯಂಗಿಲ್ಲ."

ನಸ್ರೀನ್ ಅದನ್ನು ಹೇಗೆ ಅನುವಾದಿಸಿದಳೋ, ಮುದುಕರು ನಕ್ಕರು. ಆದರೆ ಹಗ್ಗದಾಚೆಗೆ ಕರೆತಂದು ಬಿಟ್ಟರು. ಹೊರಗೆ ಬಂದಾಗ ಇವರ ಮುಖ ಬಾಡಿತ್ತು.

"ಅದರಾಗ ಗಾಳಿನ ಇಲ್ಲ. ಕೊಳವಿ ಬರೀ ತೋರಿಕಿಗೆ ನಿಲ್ಲಿಸ್ಯಾರ. ಧ್ವನಿ ಎಲ್ಲಾ ಕರೆಂಟಿಂದು. ಬಾಯಿ ಐತಿ, ಉಸಿರಿಲ್ಲ."

ಅಂದು ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಅವ್ವನನ್ನು ನೋಡಲು ಹೋದವನಿಗೆ ಅವಳ ಫೋಟೋ ತೋರಿಸಿ ಕಳಿಸಿದಂತಾಗಿತ್ತು.

ನಸ್ರೀನ್ ಈ ಕಥೆಯನ್ನು ಹೋಟೆಲಿನಲ್ಲಿ ಹೇಳಿದಳು. ಅವಳ ಜೊತೆ ಕೆಲಸ ಮಾಡುವ ಬಾರ್ಬರಾ ಎಂಬಾಕೆ ಪೋಲಿಷ್ ಮನೆತನದವಳು, ಹುಟ್ಟಿ ಬೆಳೆದದ್ದು ಡೆಟ್ರಾಯಿಟಿನಲ್ಲಿ. ಅವಳ ಅಜ್ಜಂದಿರು ಪೋಲೆಂಡಿನಿಂದ ಬಂದು, ಕೂಲಿ ಮಾಡುತ್ತಲೇ, ತಮ್ಮೂರಿನಲ್ಲಿ ನೋಡಿದಂಥದೇ ಚರ್ಚನ್ನು ಅಲ್ಲಿ ಇಟ್ಟಿಗೆಯಲ್ಲಿ ಕಟ್ಟಿದ್ದರಂತೆ. ಅಲ್ಲಿಯ ಆರ್ಗನ್ ಅಂದಿನದೇ, ಅದಕ್ಕೆ ಇಂದಿಗೂ ನಿಜವಾದ ಗಾಳಿಯೇ. ಶನಿವಾರ ಮುಂಜಾನೆ ಒಂಬತ್ತರಿಂದ ಹತ್ತರವರೆಗೆ ಚರ್ಚು ನೋಡುವವರಿಗೆಂದು ತೆರೆದಿರುತ್ತದೆ. ಇಷ್ಟು ಕೇಳಿದ್ದೇ ತಡ, ನಯಾಗರ ನಮ್ಮ ಪಟ್ಟಿಯಿಂದ ಬಿದ್ದುಹೋಯಿತು.

ಮಿಶಿಗನ್ ಹಾದಿ

ಇಕ್ಬಾಲನಿಗೆ ಅಂಗಡಿ ಬಿಡಲಾಗಲಿಲ್ಲ. ಹೆಣ್ಣುಮಕ್ಕಳು ಚರ್ಚು ಎಂದ ಕೂಡಲೇ "ನೋ ಥ್ಯಾಂಕ್ಸ್" ಎಂದರು. ಹಾಗಾಗಿ ಶುಕ್ರವಾರ ಮಧ್ಯಾಹ್ನ ಹೊರಟವರು ನಾವು ಮೂವರೇ. "ಇನ್ನೂರೆಂಬತ್ತು ಮೈಲಿ ಆಪಾ, ಆರಾಮಾಗಿ ಡ್ರೈವ್ ಮಾಡ್ತೀನಿ. ನೀವು ದಾರಿ ಪೇಪರ್ ಹಿಡ್ಕೊಳಿ ಸಾಕು" ಎಂದಳು ನಸ್ರೀನ್. ಆಪಾ ಎಂದರೆ ಅಕ್ಕ.

ಅಲ್ಲಿ ಕಂಪ್ಯೂಟರಿನಲ್ಲಿ ಊರ ಹೆಸರು ಕೊಟ್ಟರೆ ಯಾವ ಎಕ್ಸಿಟ್ಟಿನಲ್ಲಿ ಇಳಿಯಬೇಕು, ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಎಲ್ಲವನ್ನೂ ಹಾಳೆಗಳ ಮೇಲೆ ಅಚ್ಚು ಹಾಕಿ ಕೊಡುತ್ತದೆ. ಮೂರು ಹಾಳೆ ನನ್ನ ತೊಡೆಯ ಮೇಲಿದ್ದವು. ಇಂಡಿಯಾನಾ ದಾಟುವಾಗ ಹಸಿವಾಯಿತು. ನಾನು ಚಪಾತಿ ಪಲ್ಯ ಸುರುಳಿ ಮಾಡಿ, ಎಣ್ಣೆ ಸೋರದಿರಲೆಂದು ಹಾಳೆಯಲ್ಲಿ ಸುತ್ತಿ ಇಬ್ಬರಿಗೂ ಕೊಟ್ಟೆ. ಎರಡನೆಯ ಹಾಳೆ ಹೋದದ್ದು ಹಾಗೆ. ಒಂದು ತಾಸು ಬಿಟ್ಟು ನಸ್ರೀನ್ "ಆಪಾ, ನೆಕ್ಸ್ಟ್ ಎಕ್ಸಿಟ್ ಯಾವ್ದು?" ಎಂದಾಗ ನಾನು ಅರಿಸಿನ ಹತ್ತಿದ ಮುದ್ದೆಯನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಅಕ್ಷರಗಳೆಲ್ಲ ಆಲೂಗಡ್ಡೆಯ ಕೆಳಗಿದ್ದವು. ಆ ಹಾಳೆಯಿಂದಾಗಿ ಒಂದು ಮೆಕ್ಕೆಜೋಳದ ಹೊಲದ ಸುತ್ತ ಎರಡು ಪ್ರದಕ್ಷಿಣೆ ಹಾಕಿದೆವು.

ಇವರಿಗೆ ಇದಾವುದರ ಕಡೆಗೂ ಲಕ್ಷ್ಯವಿರಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿ ಕೇಳಿದರು. "ಇಷ್ಟು ಗಾಡಿ ಹೊಂಟಾವು, ಒಂದರದೂ ಹಾರ್ನ್ ಕೇಳವಲ್ದು. ಎಲ್ಲಾರವೂ ಕೆಟ್ಟಾವೇನು?"

"ಇಲ್ಲ ದೂಲಾಭಾಯಿ, ಇಲ್ಲಿ ಸುಮ್‌ಸುಮ್ನೆ ಹಾರ್ನ್ ಮಾಡಿದ್ರೆ ಬೈದ ಹಾಗೆ."

"ಹಂಗಾರ ನಮ್ಮೂರಾಗ ದಿನಾ ಎಷ್ಟು ಬೈಗಳ ತಿಂತೀವಿ ನೋಡು" ಎಂದು ಇವರು ನಿಟ್ಟುಸಿರಿಟ್ಟರು.

ಕತ್ತಲಾಗುವ ಹೊತ್ತಿಗೆ ಡೆಟ್ರಾಯಿಟಿನ ಹೊರಗಿನ ಒಂದು ಮೋಟೆಲಿಗೆ ಸೇರಿದೆವು. ನಸ್ರೀನಳ ಫೋನು ಸತ್ತಿತ್ತು, ಚಾರ್ಜರು ಇಟಾಸ್ಕಾದಲ್ಲಿ ಉಳಿದಿತ್ತು. ಮಂಚದ ಪಕ್ಕದ ಗಡಿಯಾರದಲ್ಲಿ ಬೆಳಿಗ್ಗೆ ಏಳಕ್ಕೆ ಅಲಾರಂ ಇಟ್ಟು ಅವಳು ಮಲಗಿದಳು. ಇವರು ತಮ್ಮ ಕೈಗಡಿಯಾರವನ್ನೂ ಆ ಗಡಿಯಾರವನ್ನೂ ಮೂರು ಸಲ ನೋಡಿದರು. ಆಮೇಲೆ ಎದ್ದುಹೋಗಿ ಅದರ ಗುಂಡಿಗಳನ್ನು ಒತ್ತಿದರು. "ಒಂದು ತಾಸು ಮುಂದ ಓಡಾಕತ್ತಿತ್ತು, ಸರಿ ಮಾಡೀನಿ" ಎಂದು ನನಗೆ ಹೇಳಿ, ತೃಪ್ತಿಯಿಂದ ಮಲಗಿದರು. ಷಿಕಾಗೊಕ್ಕಿಂತ ಡೆಟ್ರಾಯಿಟಿನಲ್ಲಿ ಹೊತ್ತು ಒಂದು ತಾಸು ಮುಂದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಗೊರಕೆ ಹೊಡೆಯುತ್ತಿದ್ದಳು.

ಡೆಟ್ರಾಯಿಟ್, ಶನಿವಾರ ಮುಂಜಾನೆ

ಚರ್ಚಿನ ಬೀದಿಯಲ್ಲಿ ಒಂದು ಮನೆ, ಆಮೇಲೆ ಹುಲ್ಲು ಬೆಳೆದ ಮೂರು ಖಾಲಿ ಜಾಗ, ಮತ್ತೆ ಒಂದು ಮನೆ, ಅದರ ಕಿಟಕಿಗಳಿಗೆ ಹಲಗೆ. ಜನ ಎಲ್ಲಿಗೋ ಎದ್ದುಹೋದ ಊರು. ಅದರ ನಡುವೆ ಕೆಂಪು ಇಟ್ಟಿಗೆಯ ಎರಡು ಗೋಪುರಗಳು, ನೋಡಲು ಯಾರೂ ಇಲ್ಲದಿದ್ದರೂ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದವು. ಅಕ್ಟೋಬರ್ ತಿಂಗಳ ಚಳಿ. ನಾನು ಸೀರೆಯ ಮೇಲೆ ದಪ್ಪ ಶಾಲು ಹೊದ್ದು, ಅದು ಜಾರದಂತೆ ನಸ್ರೀನ್ ಕೊಟ್ಟ ಬೆರಳುದ್ದದ ಎರಡು ಪಿನ್ನು ಚುಚ್ಚಿಕೊಂಡಿದ್ದೆ. ಇವರು ಇಕ್ಬಾಲನ ಕೋಟು ತೊಟ್ಟಿದ್ದರು. ಇಕ್ಬಾಲ್ ಆರಡಿ, ಇವರು ಐದಡಿ. ಕೋಟು ಮೊಣಕಾಲು ದಾಟಿತ್ತು.

ನಮ್ಮ ಲೆಕ್ಕದಲ್ಲಿ ಆಗ ಒಂಬತ್ತೂವರೆ. ಮೆಟ್ಟಿಲ ಮೇಲೆ ಕಪ್ಪು ಬಟ್ಟೆಯ ಮುದುಕ ಮುದುಕಿಯರು ಬಹಳ ಜನ ನಿಂತಿದ್ದರು. ಚರ್ಚು ನೋಡಲು ಎಷ್ಟು ಜನ ಬರುತ್ತಾರಲ್ಲ ಎಂದುಕೊಂಡೆ. ಬಾಗಿಲಲ್ಲಿ ಒಬ್ಬರು ನಮ್ಮ ಮೂವರ ಕೈಗೂ ಒಂದೊಂದು ಕಾರ್ಡು ಕೊಟ್ಟು ತಲೆ ಬಾಗಿಸಿದರು. ಕಾರ್ಡಿನ ಮೇಲೆ ನಗುಮುಖದ, ಬೋಳುತಲೆಯ ಮನುಷ್ಯನೊಬ್ಬನ ಫೋಟೋ.

"ಇವತ್ತಿನ ಗೈಡ್ ಇರಬೇಕು" ಎಂದೆ ನಾನು.

ಒಳಗೆ ಹೋಗಿ ನೋಡಿದರೆ ಗೈಡು ಪೆಟ್ಟಿಗೆಯಲ್ಲಿ ಮಲಗಿದ್ದರು.

ನಸ್ರೀನ್ ಕಾರ್ಡು ಓದಿದಳು, ಗೋಡೆಯ ಗಡಿಯಾರ ನೋಡಿದಳು, ಇವರ ಮುಖ ನೋಡಿದಳು. "ದೂಲಾಭಾಯಿ, ಮೋಟೆಲ್ ಗಡಿಯಾರ ಮುಟ್ಟಿದ್ರಾ ನೀವು?"

"ರಿಪೇರಿ ಮಾಡಿದೆ."

"ಅಯ್ಯೋ ರಾಮ" ಎಂದಳು ನಸ್ರೀನ್. ಮೈಸೂರಿನವರು ಯಾರೇ ಆದರೂ ಕಷ್ಟಕ್ಕೆ ರಾಮನನ್ನೇ ಕರೆಯುತ್ತಾರೆ. "ಈಗ ಹತ್ತೂವರೆ. ನೋಡೋ ಟೈಮ್ ಮುಗ್ದಿದೆ. ಇದು ಫ್ಯೂನರಲ್. ಸುಮ್ನೆ ಹೊರಟ್ಬಿಡೋಣ ಬನ್ನಿ."

ನಾವು ಹಿಂದಿರುಗಿ ಎರಡು ಹೆಜ್ಜೆ ಇಟ್ಟಿರಬಹುದು. ಆಗ ತಲೆಯ ಮೇಲಿನ ಅಟ್ಟದಿಂದ ಒಂದು ಸ್ವರ ಹೊರಟಿತು. ಹೊರಟದ್ದು ನಿಲ್ಲಲಿಲ್ಲ. ಒಂದೇ ಸ್ವರ, ದಪ್ಪಗೆ, ಬಿಡುವಿಲ್ಲದೆ, ದನ ಕೊರಳೆತ್ತಿ ಕೂಗಿದ ಹಾಗೆ. ಜನರೆಲ್ಲ ಕತ್ತು ತಿರುಗಿಸಿ ಮೇಲೆ ನೋಡಿದರು. ಇವರ ಮುಖ ಮಾತ್ರ ಅರಳಿತು.

"ಆಹಾ! ಶ್ರುತಿ ಹಿಡದಾರ!"

"ಶ್ರುತಿ ಅಲ್ರೀ, ಕೆಟ್ಟೈತಿ ಅದು" ಎಂದೆ.

ಸ್ವರ ತಟ್ಟನೆ ನಿಂತಿತು. ಗಾಳಿಯನ್ನೇ ಬಂದ್ ಮಾಡಿರಬೇಕು. ಅಟ್ಟದ ಕಟಾಂಜನದ ಮೇಲೆ ಬಿಳಿಕೂದಲಿನ ಮುದುಕಿಯೊಬ್ಬಳು ಬಾಗಿ, ಕೆಳಗಿದ್ದ ಪಾದ್ರಿಗೆ ಪೋಲಿಷ್ ಭಾಷೆಯಲ್ಲಿ ಏನೋ ಹೇಳಿದಳು. ಪಾದ್ರಿ ಎರಡೂ ಕೈ ಚೆಲ್ಲಿದರು. ಪಕ್ಕದ ಬೆಂಚಿನವರನ್ನು ಕೇಳಿ ನಸ್ರೀನ್ ನಮಗೆ ವಿಷಯ ತಿಳಿಸಿದಳು. ಆಕೆ ಸ್ಟೆಲ್ಲಾ, ಇಲ್ಲಿಯ ಆರ್ಗನ್ ಬಾರಿಸುವವಳು. ತೀರಿಕೊಂಡವನು ಅವಳ ಅಣ್ಣ ಲಿಯೋ. ನಲವತ್ತು ವರ್ಷ ಈ ಆರ್ಗನ್ ಕೆಟ್ಟಾಗಲೆಲ್ಲ ಒಳಗೆ ಹೊಕ್ಕು ಸರಿ ಮಾಡುತ್ತಿದ್ದವನು ಅವನೊಬ್ಬನೇ. ಸ್ಟೆಲ್ಲಾಳ ಮೊಣಕಾಲುಗಳು ಏಣಿ ಹತ್ತುವುದಿಲ್ಲ. ಬೇರೆ ಊರಿನ ಕಾರಿಗರ ಬರುವುದು ಬರುವ ವಾರ. ಅಂದರೆ ರಿಪೇರಿ ಮಾಡುವವನೇ ಪೆಟ್ಟಿಗೆಯಲ್ಲಿದ್ದ. ಅವನು ಆಯುಷ್ಯವಿಡೀ ಕಾಪಾಡಿದ ವಾದ್ಯ ಅವನ ಕೊನೆಯ ದಿನವೇ ಮೂಕವಾಗಿತ್ತು.

ಇವರು ಅಟ್ಟದ ಮೆಟ್ಟಿಲು ಎಲ್ಲಿದೆ ಎಂದು ಹುಡುಕತೊಡಗಿದರು. ನಾನು ಕೋಟು ಹಿಡಿದೆಳೆದೆ. "ಸತ್ತವರ ಮನಿ ಇದು. ನಿಮಗ ಏನು ಗೊತ್ತೈತಿ ಅದರಾಗ?"

"ಅದಕ್ಕೂ ಉಸಿರು, ಇದಕ್ಕೂ ಉಸಿರು. ಒಂದು ಸ್ವರ ಮುಚ್ಚವಲ್ದು, ಅಷ್ಟ" ಎಂದರು ಇವರು.

ಮೂವರೂ ಅಟ್ಟ ಹತ್ತಿದ ಮೇಲೆ ನಸ್ರೀನ್ ಸ್ಟೆಲ್ಲಾಳಿಗೆ, ಇವರು ಇಂಡಿಯಾದಲ್ಲಿ ಆರ್ಗನ್ ರಿಪೇರಿ ಮಾಡುವ ದೊಡ್ಡ ಮೇಸ್ತ್ರಿ ಎಂದಳು.

"ಸುಳ್ಳ ಯಾಕ ಹೇಳ್ತಿ? ಪೇಟಿ ಮಾಡ್ತೀನಿ ಅನ್ನು."

"ಪೆಟ್ಟಿಗೆ ಮಾಡ್ತಾರೆ ಅಂದ್ರೆ ಕಾಫಿನ್ ಮಾಡೋರು ಅಂದ್ಕೋತಾರೆ ದೂಲಾಭಾಯಿ, ಸುಮ್ನಿರಿ!"

ಸ್ಟೆಲ್ಲಾ ಗಡಿಯಾರ ನೋಡಿದಳು. ಕೆಳಗಿನ ಪೆಟ್ಟಿಗೆ ನೋಡಿದಳು. ಮೆಹಂದಿ ಗಡ್ಡದ, ಮೊಣಕಾಲು ದಾಟಿದ ಕೋಟಿನ ಈ ಐದಡಿ ಮನುಷ್ಯನನ್ನು ಮೇಲಿನಿಂದ ಕೆಳಗೆ ನೋಡಿದಳು. ಬೇರೆ ದಾರಿ ಯಾವುದೂ ಹೊಳೆಯದೆ, ಗೋಡೆಯಲ್ಲಿದ್ದ ಒಂದು ಸಣ್ಣ ಬಾಗಿಲನ್ನು ತೆರೆದಳು.

ಅವ್ವನ ಹೊಟ್ಟೆಯೊಳಗೆ

ಸ್ಟೆಲ್ಲಾ ಕೊಟ್ಟ ಟಾರ್ಚು ಹಿಡಿಯಲು ನಾನು ಇವರ ಹಿಂದೆ ಹೋದೆ. ಒಳಗೆ ಒಂದು ಕೋಣೆಯೇ ಇತ್ತು. ಧೂಳು, ಹಳೆಯ ಮರ, ಇಲಿ, ಎಲ್ಲದರ ವಾಸನೆ. ಸುತ್ತ ಕೊಳವೆಗಳು. ಕಿರುಬೆರಳಿನಷ್ಟು ಸಣ್ಣವು ಸಾಲುಸಾಲಾಗಿ, ಅವುಗಳ ಹಿಂದೆ ಆಳೆತ್ತರದವು, ಅವುಗಳ ಹಿಂದೆ ಮರದಲ್ಲೇ ಮಾಡಿದ, ನಮ್ಮ ಅಡುಗೆಮನೆಯ ಬಾಗಿಲಿನಷ್ಟು ಅಗಲದವು, ಮೇಲೆ ಕತ್ತಲೆಯಲ್ಲಿ ಎಲ್ಲಿ ಮುಗಿಯುತ್ತವೆಂದೇ ಕಾಣದವು. ಇವರು ಬಾಯಿ ತೆರೆದು ನಿಂತರು. ನಿಕಾಹ್ ದಿನ ಮೊದಲ ಸಲ ನನ್ನ ಮುಖ ನೋಡಿದಾಗ ಇವರು ಹೀಗೆ ನೋಡಿರಲಿಲ್ಲ. ಇದನ್ನು ಆಮೇಲೆ ನಾನು ಹಲವು ಬಾರಿ ಹೇಳಿ ತೋರಿಸಿದ್ದೇನೆ.

ಒಂದು ಮೂಲೆಯಲ್ಲಿ ಮೆತ್ತೆ ಹಾಕಿದ ಸ್ಟೂಲು, ಚಹಾ ಕುಡಿಯುವ ಲೋಟ, ಕನ್ನಡಕ, ಪಕ್ಕದಲ್ಲಿ ಕಬ್ಬಿಣದ ಪೆಟ್ಟಿಗೆ. ತೆರೆದರೆ ಇಕ್ಕಳ, ಸ್ಕ್ರೂಡ್ರೈವರು, ಚರ್ಮದ ಚೂರುಗಳು, ತಂತಿ, ಒಂದೊಂದೂ ಒರೆಸಿ ಅದರದರ ಮನೆಯಲ್ಲಿ ಇಟ್ಟದ್ದು. ಮರದ ಮೇಲೆ ಅಲ್ಲಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಖುಗಳು.

"ಲಿಯೋ ನನ್ನಂಗ ಅದಾನ" ಎಂದರು ಇವರು. ಸತ್ತವನ ಬಗ್ಗೆ ಇದ್ದಾನೆ ಎಂದೇ ಹೇಳಿದರು.

"ಇಲ್ಲ. ನಿಮಗಿಂತ ಸ್ವಚ್ಛ ಅದಾರ" ಎಂದೆ.

ಕೆಳಗೆ ಪ್ರಾರ್ಥನೆ ಆರಂಭವಾಗಿತ್ತು. ಇವರು ಮೊಣಕಾಲೂರಿ ಒಂದು ಉದ್ದನೆಯ ಹಲಗೆಯ ತಿರುಪುಗಳನ್ನು ಬಿಚ್ಚಿದರು. ಒಳಗೆ ಸಾಲಾಗಿ ಮರದ ಪಟ್ಟಿಗಳು, ಅವುಗಳ ಬೆನ್ನಿಗೆ ಚರ್ಮ, ಒಂದೊಂದನ್ನೂ ಕೆಳಗಿನಿಂದ ಒತ್ತಿ ಹಿಡಿದ ತಂತಿಯ ಸ್ಪ್ರಿಂಗು. ನಾನೂ ಗುರುತು ಹಿಡಿದೆ. ನಮ್ಮ ಪಡಸಾಲೆಯ ಪೇಟಿಗಳ ಮನೆಗಳ ಕೆಳಗೆ ಇರುವುದೂ ಇದೇ. ಮನೆ ಒತ್ತಿದರೆ ಪಟ್ಟಿ ಬಾಯಿ ಬಿಡುತ್ತದೆ, ಗಾಳಿ ಹೋಗಿ ಸ್ವರ ಹೊರಡುತ್ತದೆ. ಕೈ ಎತ್ತಿದರೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಅಲ್ಲಿ ಬೆರಳುದ್ದ, ಇಲ್ಲಿ ಮೊಳದುದ್ದ, ಅಷ್ಟೇ. ಒಂದು ಪಟ್ಟಿ ಮಾತ್ರ ಜೋತುಬಿದ್ದಿತ್ತು. ಅದರ ಸ್ಪ್ರಿಂಗು ತುಕ್ಕು ಹಿಡಿದು ಎರಡು ತುಂಡಾಗಿತ್ತು.

ಲಿಯೋನ ಪೆಟ್ಟಿಗೆಯಲ್ಲಿ ಸ್ಪ್ರಿಂಗುಗಳ ಡಬ್ಬಿ ಇತ್ತು. ಖಾಲಿ. ತಂತಿಗಳೆಲ್ಲ ಮೆತ್ತಗಿನವು. ಇವರು ಸುತ್ತಲೂ ಕಣ್ಣಾಡಿಸಿದರು. ಕಣ್ಣು ಬಂದು ನನ್ನ ಶಾಲಿನ ಮೇಲೆ ನಿಂತಿತು.

"ಅಕ್ಕೋರ, ಆ ಪಿನ್ನು ಬಿಚ್ಚಿ ಕೊಡ್ರಿ ಇಲ್ಲೆ."

"ಎರಡೂ?"

"ಎರಡೂ."

ಪಿನ್ನಿನ ತಲೆ ಮುರಿದು, ಎರಡನ್ನೂ ಜೋಡಿಸಿ, ಲಿಯೋನ ಇಕ್ಕಳದಿಂದ ಬಾಗಿಸಿ, ಇವರು ಪಟ್ಟಿಯ ಕೆಳಗೆ ಸೇರಿಸಿದರು. ಹಲಗೆ ಮುಚ್ಚಿ ತಿರುಪು ಬಿಗಿದು, ಗಾಳಿ ಹಾಕಲು ಹೊರಗಿನವರಿಗೆ 'ಹೂಂ' ಎಂದರು. ದೂರದಲ್ಲಿ ಯಂತ್ರ ತಿರುಗಿತು. ನಮ್ಮ ಸುತ್ತಲಿನ ಮರವೆಲ್ಲ ಒಮ್ಮೆ ನಿಟ್ಟುಸಿರು ಬಿಟ್ಟಂತಾಯಿತು. ಕೂಗು ಇರಲಿಲ್ಲ.

"ಈಗ ಆ ಸ್ವರ ಒಮ್ಮಿ ಒತ್ತಿ ಬಿಡಾಕ ಹೇಳು. ಮೆಲ್ಲಕ" ಎಂದರು ಇವರು, ಬಾಗಿಲ ಬಳಿ ನಿಂತಿದ್ದ ನಸ್ರೀನಳಿಗೆ.

ಸ್ಟೆಲ್ಲಾ ಆಗ ಕಣ್ಣೊರೆಸಿಕೊಳ್ಳುತ್ತಿದ್ದಳಂತೆ. ಅವಳಿಗೆ ತೊಂದರೆ ಏಕೆಂದು ನಸ್ರೀನ್ ತಾನೇ ಒತ್ತಿಬಿಟ್ಟಳು. ಅವಳಿಗೇನು ಗೊತ್ತು, ಅತಿ ದೊಡ್ಡ ದನಿಯ ಕೊಳವೆಗಳಿಗೆ ಗಾಳಿ ಬಿಡುವ ಗುಬುಟುಗಳನ್ನೆಲ್ಲ ಸ್ಟೆಲ್ಲಾ ಮೊದಲೇ ಎಳೆದಿಟ್ಟಿದ್ದಳೆಂದು? ಪಾದ್ರಿ ದನಿ ತಗ್ಗಿಸಿ, ಎಲ್ಲರೂ ಮೌನವಾಗಿ ಲಿಯೋನನ್ನು ನೆನೆಯಲಿ ಎಂದಿದ್ದರು. ಚರ್ಚಿನಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಆ ಮೌನದೊಳಗೆ ಹಡಗು ಬಂದು ನಿಂತಂತೆ ಭೋಂ ಎಂದಿತು. ನನ್ನ ಕೈಯಿಂದ ಟಾರ್ಚು ಬಿತ್ತು. ಇನ್ನು ಪೊಲೀಸರೇ ಬರುವುದು ಎಂದುಕೊಂಡೆ.

ಆಮೇಲೆ ಕೆಳಗಿನಿಂದ ಪಾದ್ರಿಯ ಮಾತು ಕೇಳಿಸಿತು, ಅದರ ಹಿಂದೆಯೇ ನಗು. ಒಬ್ಬರಲ್ಲ, ಇಡೀ ಚರ್ಚು ನಕ್ಕಿತು. ನಗು ನಡುವೆಯೇ ಮುರಿದು, ಹಲವರ ಅಳು ಕೇಳಿಸಿತು. ನಸ್ರೀನ್ ಬಾಗಿಲಲ್ಲಿ ತಲೆ ಹಾಕಿದಳು, ಅವಳ ಕಣ್ಣಲ್ಲೂ ನೀರು.

"ಲಿಯೋ ಯಾವತ್ತೂ ಪ್ರಾರ್ಥನೆ ಮಧ್ಯದಲ್ಲೇ ಟೆಸ್ಟ್ ಮಾಡ್ತಿದ್ರಂತೆ ಆಪಾ. ನಲವತ್ತು ವರ್ಷ ಬೈದ್ರೂ ಬಿಡ್ಲಿಲ್ವಂತೆ. ಫಾದರ್ ಹೇಳಿದ್ರು, ಇವತ್ತೂ ಬಿಡ್ಲಿಲ್ಲ ನೋಡಿ ಅಂತ."

ಸ್ಟೆಲ್ಲಾ ಮೂಗು ಒರೆಸಿ, ಬೆಂಚನ್ನು ಎಳೆದುಕೊಂಡು ಬಾರಿಸಲು ಕುಳಿತಳು. ನಾನು ಆ ಸಂಗೀತವನ್ನು ವರ್ಣಿಸಲಾರೆ, ಏಕೆಂದರೆ ಕೇಳಲಿಲ್ಲ, ಅದರೊಳಗಿದ್ದೆ. ನೆಲ, ಹಲ್ಲು, ಪಕ್ಕೆಲುಬು, ಎಲ್ಲವೂ ಗುಂಯ್ ಎನ್ನುತ್ತಿದ್ದವು. ಪಿನ್ನಿಲ್ಲದ ಶಾಲು ಎರಡೆರಡು ನಿಮಿಷಕ್ಕೆ ಜಾರಿ ಬೀಳುತ್ತಿತ್ತು. ಇವರು ಸಂಸ್ಕಾರ ಮುಗಿಯುವವರೆಗೂ ಹಲಗೆಯ ಮೇಲಿಂದ ಅಂಗೈ ತೆಗೆಯಲಿಲ್ಲ. ಭಕ್ತಿಯೇನಲ್ಲ. ನಸ್ರೀನಳ ಪಿನ್ನುಗಳ ಮೇಲೆ ಭರವಸೆ ಇರಲಿಲ್ಲ.

ನೆಲಮಾಳಿಗೆ

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಕೆಳಗಿನ ಹಾಲಿನಲ್ಲಿ ಊಟ. ಹೊರಟೇಬಿಡುತ್ತೇವೆ ಎಂದರೂ ಕೇಳಲಿಲ್ಲ. ಮೇಜಿನ ತುಂಬ ತರತರದ ಮಾಂಸ, ಎಲ್ಲವೂ ಹಂದಿಯದೇ. ಒಬ್ಬ ದಪ್ಪನೆಯ ಹೆಂಗಸು ಇವರ ತಟ್ಟೆಗೆ ಪ್ರೀತಿಯಿಂದ ಒಂದು ಮೊಳ ಸಾಸೇಜು ಹಾಕಿದಳು. ಇವರು ಅದನ್ನು ಹಾವು ನೋಡಿದಂತೆ ನೋಡಿದರು. ನಸ್ರೀನ್ ಓಡಿಹೋಗಿ ಅವಳ ಕಿವಿಯಲ್ಲಿ ಹೇಳಿದಳು. ಮರುಗಳಿಗೆಯಲ್ಲಿ ನಾಲ್ಕು ಮುದುಕಿಯರು ಸೇರಿ ತಟ್ಟೆಗಳನ್ನೇ ಬದಲಿಸಿ, ಆಲೂಗಡ್ಡೆ ತುಂಬಿ ಬೇಯಿಸಿದ ಕಡುಬು ತಂದಿಟ್ಟರು. ರೂಪ ನಮ್ಮ ಕರ್ಚಿಕಾಯಿಯದೇ, ರುಚಿಗೆ ಮಾತ್ರ ಒಂದು ಮೆಣಸಿನಕಾಯಿಯ ಸಹವಾಸ ಬೇಕಿತ್ತು. ಸಾವಿನ ಮನೆಯ ಹೆಂಗಸರು ಬಂದವರ ಹೊಟ್ಟೆಯ ಚಿಂತೆಯಲ್ಲಿ ತಮ್ಮ ದುಃಖ ಮರೆಯುವುದು ನಮ್ಮಲ್ಲಿಯ ಹಾಗೆಯೇ.

ಮುದುಕರು ಬಂದು ಬಂದು ಇವರ ಕೈ ಕುಲುಕಿದರು. ಒಬ್ಬರು, ನಿಮ್ಮೂರಿನ ಆರ್ಗನ್ ಎಷ್ಟು ದೊಡ್ಡದು ಎಂದು ಕೇಳಿದರು. ಇವರು ಎರಡೂ ಕೈ ಚಾಚಿ ಒಂದೂವರೆ ಅಡಿ ತೋರಿಸಿದರು. ಅವರು ಅದನ್ನು ಭಾರತೀಯರ ವಿನಯವೆಂದು ತಿಳಿದು ಬೆನ್ನು ತಟ್ಟಿದರು.

ಮತ್ತೆ ಮೇಲೆ

ಎಲ್ಲರೂ ಹೋದ ಮೇಲೆ ಸ್ಟೆಲ್ಲಾ ನಮ್ಮನ್ನು ಮತ್ತೆ ಅಟ್ಟಕ್ಕೆ ಕರೆದೊಯ್ದಳು. ಬೆಂಚಿನಿಂದ ಸರಿದು, ಇವರಿಗೆ ಕೂರಲು ಕೈ ಮಾಡಿದಳು. ನಸ್ರೀನ್ ಹೇಳಿದಳು, "ನಿಮ್ಮ ಊರಿನದು ಏನಾದ್ರೂ ಬಾರಿಸಿ ಅಂತಿದಾರೆ ದೂಲಾಭಾಯಿ. ಲಿಯೋಗೋಸ್ಕರ."

ಇವರು ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ನನ್ನ ಗಂಡನಿಗೆ ಪೇಟಿ ಬಾರಿಸಲು ಬರುವುದಿಲ್ಲ. ಸರಿಮಾಡಿದ ಮೇಲೆ ಸಾ ದಿಂದ ಸಾ ವರೆಗೆ ಒಮ್ಮೆ ಹತ್ತಿ ಇಳಿಯುತ್ತಾರೆ, ಅಷ್ಟೇ. ಸಣ್ಣವರಿದ್ದಾಗ ಕಲಿಯಲು ಹೋಗಿದ್ದರಂತೆ. ಯಾರಾದರೂ ಕೇಳುತ್ತಿದ್ದಾರೆ ಎಂದರೆ ಬೆರಳು ಮರಗಟ್ಟುತ್ತಿದ್ದವು. ಊರಿನ ಗವಾಯಿಗಳು ಇದನ್ನೇ ಹಿಡಿದು ಇವರನ್ನು ಗೇಲಿ ಮಾಡುವುದುಂಟು, ಇವರೂ ನಕ್ಕುಬಿಡುತ್ತಾರೆ. ಆ ನಗು ಎಂಥದೆಂದು ನನಗೊಬ್ಬಳಿಗೇ ಗೊತ್ತು.

"ನನಗ ಬಾರಸಾಕ ಬರಂಗಿಲ್ಲವ್ವಾ" ಎಂದರು ಇವರು, ನೇರವಾಗಿ ಸ್ಟೆಲ್ಲಾಳಿಗೇ, ಕನ್ನಡದಲ್ಲಿ.

ನಸ್ರೀನ್ ತಡವರಿಸುತ್ತ ಅನುವಾದಿಸಿದಳು. ಸ್ಟೆಲ್ಲಾ ಜೋರಾಗಿ ನಕ್ಕಳು. ಲಿಯೋನಿಗೂ ಬರುತ್ತಿರಲಿಲ್ಲವಂತೆ, ಒಂದು ಹಾಡೂ. ಭಾನುವಾರ ಅವನು ಎಲ್ಲರ ಜೊತೆ ಬೆಂಚಿನ ಮೇಲೆ ಕೂತವನಲ್ಲ. ಒಳಗೆ ಆ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದ. ಹಾಗಾದರೆ ನಿಮಗೇನು ಕೇಳಬೇಕು, ನಾನು ಬಾರಿಸುತ್ತೇನೆ ಎಂದಳು.

"ಹಾಡು ಬ್ಯಾಡ" ಎಂದರು ಇವರು. "ಒಂದೊಂದು ಜಾತಿ ಕೊಳವಿದು ಒಂದೊಂದು ಸ್ವರ. ಎಲ್ಲಾನೂ."

ಇವರು ಸಣ್ಣ ಬಾಗಿಲಿನಿಂದ ಒಳಗೆ ಹೋಗಿ ಲಿಯೋನ ಸ್ಟೂಲಿನ ಮೇಲೆ ಕುಳಿತರು. ಸ್ಟೆಲ್ಲಾ ಒಂದು ಗುಬುಟು ಎಳೆದು ಒಂದು ಸ್ವರ ಒತ್ತಿದಳು, ನಿಲ್ಲಿಸಿದಳು. ಮತ್ತೊಂದು ಎಳೆದಳು. ಒಳಗಿನಿಂದ ಇವರ ದನಿ ಬರುತ್ತಿತ್ತು. "ಇದು ಶಹನಾಯಿ… ಇದು ಕೊಳಲು, ಬಿದಿರಿಂದಲ್ಲ, ಹಿತ್ತಾಳಿದು… ಇಕಿಗೆ ನೆಗಡಿ ಆಗೇತಿ… ಇದು ಯಾರು? ಇದು ಗೊತ್ತಾಗವಲ್ದು, ಇನ್ನೊಮ್ಮಿ." ನಸ್ರೀನ್ ಅನುವಾದಿಸುವುದನ್ನು ಬಿಟ್ಟುಬಿಟ್ಟಳು. ಬೇಕಿರಲಿಲ್ಲ. ಸ್ಟೆಲ್ಲಾ ತಲೆಯಾಡಿಸುತ್ತ, ಕೇಳಿದ್ದನ್ನು ಇನ್ನೊಮ್ಮೆ ಒತ್ತುತ್ತಿದ್ದಳು. ಕೊನೆಗೆ ಕಾಲಿನಿಂದ ಎಲ್ಲಕ್ಕಿಂತ ಕೆಳಗಿನ ಸ್ವರವನ್ನು ಒತ್ತಿ ಹಿಡಿದಳು. ಅದು ಕಿವಿಗೆ ಕೇಳುವಂಥದಲ್ಲ, ಖಾಲಿ ಚರ್ಚು ತಾನೇ ಉಸಿರಾಡಿದಂತೆ.

ಇವರು ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಧೂಳು ಎಂದರು. ಆಮೇಲೆ, "ನಸ್ರೀನ್, ನಾಳೆ ಎಷ್ಟಕ್ಕ ಬಾಗಲಾ ತೆಗೀತಾರ ಕೇಳು. ಎಡಕಿನ ನಾಕನೇ ಸ್ಪ್ರಿಂಗೂ ಇವತ್ತೋ ನಾಳೆಯೋ ಅನ್ನಾಕತ್ತೈತಿ" ಎಂದರು.

ಸ್ಟೆಲ್ಲಾ ಕೇಳಿಸಿಕೊಂಡಳು. ಅಣ್ಣನ ಜೊತೆ ಮಾತಾಡುವಾಗ ಇರುತ್ತಿದ್ದಂಥದೇ ಇರಬೇಕು, ಒರಟು ದನಿಯಲ್ಲಿ ಹೇಳಿದಳು. ಎಂಟಕ್ಕೆ ಹಿಂದಿನ ಬಾಗಿಲು ತೆರೆದಿರುತ್ತದೆ. ಭಾನುವಾರ ಜನ ಬರುತ್ತಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ಸದ್ದು ಮಾಡಕೂಡದು.

ಮರುದಿನ ನಾನು ಕೆಳಗೆ, ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಪ್ರಾರ್ಥನೆಯ ನಡುವೆ ಎರಡು ಸಲ ಭೋಂ ಎಂದಿತು. ಯಾರೂ ತಿರುಗಿ ನೋಡಲಿಲ್ಲ.